ಮಾರಿದ ದನ, ಮತ್ತೆ ಕಟ್ಟಿದ ಹಟ್ಟಿ

ಹಳೇ ಫೀಚರ್ ಒಂದನ್ನು ಕಿತ್ತುಹಾಕುವ ಮಾತು ಬಂದಾಗಲೆಲ್ಲ ಪ್ರಾಡಕ್ಟ್ ಮ್ಯಾನೇಜರುಗಳು ಹೇಳುವ ಮೆಂಟಲ್ ಮಾಡೆಲ್ ಒಂದಿದೆ, ಚೆಸ್ಟರ್ಟನ್ನನ ಬೇಲಿ. ಬೇಲಿ ಯಾಕೆ ಹಾಕಿದ್ದಾರೆ ಅಂತ ತಿಳಿಯುವ ತನಕ ಕೀಳಬೇಡ ಅನ್ನೋದು ಅದರ ಸಾರ. ಚೆಸ್ಟರ್ಟನ್ ಇದನ್ನು ಹೇಳಿದ ಪುಸ್ತಕ 1929ರದ್ದು. ತಮಾಷೆ ನೋಡಿ, ನಮ್ಮ ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಶುರುವಾದದ್ದೂ ಅದೇ ವರ್ಷ!

ಆದರೆ ಪಾಠ ಅದಕ್ಕಿಂತ ಹಳೆಯದು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆ ಅಮೃತಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಹೆಸರಲ್ಲಿ ಅಮೃತವಿದ್ದರೂ ಕೆಚ್ಚಲಲ್ಲಿ ಹಾಲು ಅಷ್ಟಕ್ಕಷ್ಟೇ. ಈ ತಳಿಯ ಬಲ ಇದ್ದದ್ದು ಎತ್ತುಗಳ ಓಟದಲ್ಲಿ, ಫಿರಂಗಿ ಎಳೆಯುವುದರಲ್ಲಿ. 1799ರ ನಂತರ ದನಗಳು ಬ್ರಿಟಿಷರ ಕೈಸೇರಿದವು.

1860ರಲ್ಲಿ ಮದರಾಸು ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲು ಇಲಾಖೆಯನ್ನೇ ಮುಚ್ಚಿಸಿದ, ಹಿಂಡು ಹರಾಜಾಯಿತು. ನನಗನಿಸುವಂತೆ ಲೆಕ್ಕಪುಸ್ತಕದಲ್ಲಿ ಕಾವಲುಗಾರರ ಸಂಬಳ ಕಾಣುತ್ತದೆ, ತಲೆಮಾರುಗಳಿಂದ ಆರಿಸಿ ಬೆಳೆಸಿದ ಹೋರಿಯ ರಕ್ತ ಕಾಣುವುದಿಲ್ಲ. ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ 1866ರಲ್ಲಿ ಮತ್ತೆ ಹಟ್ಟಿ ಕಟ್ಟಬೇಕಾಯಿತು. ಆರೇ ವರ್ಷ ಸ್ವಾಮೀ! ಚದುರಿಹೋದ ದನಗಳನ್ನು ಹುಡುಕಿ ತರುವ ಪಾಡು ಬೇರೆ.

ನಮ್ಮ ಪಂಚನಹಳ್ಳಿ ಕಡೆಯವರು ಕಾವಲು ಎನ್ನುವುದನ್ನು ಬರೀ ಖಾಲಿ ಜಾಗ ಅಂದುಕೊಳ್ಳುವುದುಂಟು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ದನಗಳ ಮೇವಿನ ಸುತ್ತಿಗೆ ತಕ್ಕಂತೆ ವಿಂಗಡಿಸಿದ್ದ ಹುಲ್ಲುಗಾವಲುಗಳವು. ನಮ್ಮ ಕಡೂರು ತಾಲ್ಲೂಕಿನದೇ ಆದ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಲ್ಲಿ ಕೃಷ್ಣಮೃಗಗಳು ಓಡಾಡುತ್ತವೆ.