ಕಾವ್ಯಕ್ಕೆ ಸಿಕ್ಕ ಮಣೆ ಶಾಸ್ತ್ರಕ್ಕಿಲ್ಲ

ಜೈನಧರ್ಮವನ್ನು ಸ್ಥಾಪಿಸಿದವನು ಮಹಾವೀರ, ಯಜ್ಞದ ಹಿಂಸೆಗೆ ಎದುರಾಗಿ ಅದು ಹುಟ್ಟಿತು, ‘ಎಲ್ಲರ ಮಾತೂ ಸರಿ’ ಎನ್ನುವುದೇ ಅನೇಕಾಂತ: ಮಹಾವೀರ ಜಯಂತಿಯ ಭಾಷಣಗಳಲ್ಲಿ ಈ ಮೂರು ಮಾತು ಇನ್ನೂ ಚಲಾವಣೆಯಲ್ಲಿವೆ. ಮೊದಲನೆಯದನ್ನು ವಿದ್ವಾಂಸರು ಕೈಬಿಟ್ಟು ನೂರು ವರ್ಷ ದಾಟಿತು.

19ನೇ ಶತಮಾನದ ಆರಂಭದಲ್ಲಿ ಮೆಕೆಂಝಿ, ಕೋಲ್‌ಬ್ರೂಕ್ ಬರೆದದ್ದು ಪರಿಚಯದ ಟಿಪ್ಪಣಿಗಳಷ್ಟೇ. ಆಮೇಲೆ ಲಾಸೆನ್‌ನಂಥವರು ಜೈನಧರ್ಮವನ್ನು ಬೌದ್ಧಧರ್ಮದ ಕವಲೆಂದರು. ಆ ವಾದವನ್ನು ಮುರಿದವನು 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿದ ಹರ್ಮನ್ ಯಾಕೋಬಿ. ಪಾಳಿ ಗ್ರಂಥಗಳು ನಿಗಂಠ ನಾತಪುತ್ತನನ್ನು, ಅಂದರೆ ಮಹಾವೀರನನ್ನು, ಬುದ್ಧನ ಎದುರಾಳಿಯಾಗಿ ಕಾಣುತ್ತವೆ. ಹೊಸ ಪಂಥ ಕಟ್ಟಿದವನೆಂದು ಎಲ್ಲೂ ಹೇಳುವುದಿಲ್ಲ. ಅವು ನಿಗಂಠರಿಗೆ ಆರೋಪಿಸುವ ನಾಲ್ಕು ಸಂಯಮಗಳು ಮಹಾವೀರನಿಗೂ ಹಿಂದಿನ ತೀರ್ಥಂಕರ ಪಾರ್ಶ್ವನಾಥನ ನಾಲ್ಕು ವ್ರತಗಳನ್ನು, ಅಂದರೆ ಚಾತುರ್ಯಾಮವನ್ನು, ನೆನಪಿಸುತ್ತವೆ. ಮಹಾವೀರ ಬ್ರಹ್ಮಚರ್ಯವನ್ನು ಬಿಡಿಸಿ ಹೇಳಿ ವ್ರತಗಳನ್ನು ಐದಾಗಿಸಿದ. ಅವನು ಆಗಲೇ ಇದ್ದ ಸಂಘವೊಂದರ ಸುಧಾರಕ ಎಂಬ ನಿಲುವು ಹೀಗೆ ಗಟ್ಟಿಯಾಯಿತು. ಪಾರ್ಶ್ವನಿಗಿಂತ ಹಿಂದಿನದು ಪುರಾಣ. ಅದನ್ನು ಇತಿಹಾಸವೆಂದು ಸಾಧಿಸುವ ಹಟದಿಂದ ಧರ್ಮಕ್ಕೇನೂ ಲಾಭವಿಲ್ಲ.

ನಿಜವಾದ ಸುಗ್ಗಿ 1930ರ ದಶಕದ್ದು. ಮೂಡಬಿದಿರೆಯ ಬಸದಿಯಲ್ಲಿ ದರ್ಶನಕ್ಕಷ್ಟೇ ಮೀಸಲಾಗಿದ್ದ, ಹಳಗನ್ನಡ ಲಿಪಿಯ, ಕರ್ಮಶಾಸ್ತ್ರದ ಟೀಕೆಯಾದ ಧವಲಾದ ತಾಳೆಗರಿಗಳು ಆ ಹೊತ್ತಿಗೆ ಪ್ರತಿಯಾಗಿ ಹೊರಬಂದಿದ್ದವು. ಹೀರಾಲಾಲ್ ಜೈನ್ 1939ರಿಂದ ಅವನ್ನು ಅಚ್ಚಿಗೆ ತಂದರು. ಅವರ ಒಡನಾಡಿ ಬೆಳಗಾವಿ ಜಿಲ್ಲೆಯ ಸದಲಗದ ಆ.ನೇ. ಉಪಾಧ್ಯೆ. 1935ರಲ್ಲಿ ಅವರು ಸಂಪಾದಿಸಿದ ಪ್ರವಚನಸಾರದ ಪೀಠಿಕೆಯೇ ಒಂದು ಗ್ರಂಥ. ಪಾಠ ನಿರ್ಣಯಿಸದೆ ಸಿದ್ಧಾಂತ ಮಾತಾಡಬಾರದೆಂಬ ಶಿಸ್ತು ಈ ಶಾಲೆಯದು. ನಂತರದ ಪೀಳಿಗೆಯಲ್ಲಿ ಮೂಡಬಿದಿರೆ ಸಮೀಪದ ನೆಲ್ಲಿಕಾರಿನಲ್ಲಿ ಹುಟ್ಟಿದ ಪದ್ಮನಾಭ ಜೈನಿ ಬರ್ಕ್ಲಿಯಲ್ಲಿದ್ದು 1979ರಲ್ಲಿ ಬರೆದ ಇಂಗ್ಲಿಷ್ ಗ್ರಂಥ ಇಂದಿಗೂ ಪಠ್ಯ.

ಈ ಶಾಲೆ ಒತ್ತಿ ಹೇಳಿದ್ದು ಕರ್ಮವನ್ನು. ಬೇರೆಡೆ ಕರ್ಮವೆಂದರೆ ಮಾಡಿದ್ದರ ಫಲ. ಇಲ್ಲಿ ಅದು ದ್ರವ್ಯ, ಸೂಕ್ಷ್ಮ ಪುದ್ಗಲ. ಮನ, ಮಾತು, ಮೈಗಳ ಚಲನೆಯಿಂದ ಅದು ಜೀವದೊಳಕ್ಕೆ ಹರಿಯುತ್ತದೆ, ಕೋಪ, ಲೋಭದಂಥ ಕಷಾಯಗಳ ಅಂಟಿಗೆ ಕಚ್ಚಿಕೊಳ್ಳುತ್ತದೆ. ಹರಿವನ್ನು ತಡೆಯುವುದು ಸಂವರ, ಕಚ್ಚಿದ್ದನ್ನು ಉದುರಿಸುವುದು ನಿರ್ಜರೆ. ಅಹಿಂಸೆ, ಉಪವಾಸ, ಸಲ್ಲೇಖನಗಳಿಗೆ ಅರ್ಥ ಬರುವುದು ಇಲ್ಲಿಂದ, ಯಜ್ಞದ ವಿರೋಧದಿಂದಲ್ಲ. ಇದನ್ನು ಬಿಟ್ಟರೆ ಉಳಿಯುವುದು ಊಟದ ನಿಯಮ ಮಾತ್ರ.

ಅನೇಕಾಂತವನ್ನು ‘ಬೌದ್ಧಿಕ ಅಹಿಂಸೆ’ ಎಂದು ಕರೆಯುವ ರೂಢಿ 20ನೇ ಶತಮಾನದ್ದು. ಜೈನ ತಾರ್ಕಿಕರಾದ ಸಮಂತಭದ್ರ, ಅಕಲಂಕರ ಕೈಯಲ್ಲಿ ಅದು ಒಂದೇ ನೋಟವನ್ನು ಪೂರ್ಣ ಸತ್ಯವೆನ್ನುವ ಏಕಾಂತವಾದಿಗಳನ್ನು ವಾದದಲ್ಲಿ ಸೋಲಿಸುವ ಆಯುಧವಾಗಿತ್ತು.

ಕನ್ನಡದ ಕೆಲಸ ಬೇರೆ ದಾರಿ ಹಿಡಿಯಿತು. ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದ, ಆರ್. ನರಸಿಂಹಾಚಾರ್ಯರು ಕವಿಚರಿತೆ ಬರೆದರು, ಡಿ.ಎಲ್. ನರಸಿಂಹಾಚಾರ್ಯರು ವಡ್ಡಾರಾಧನೆಯನ್ನು ಸಂಪಾದಿಸಿದರು. ಪಂಪ, ರನ್ನರು ತರಗತಿಗೆ ಬಂದರು, ಶಾಸ್ತ್ರ ಹೊರಗುಳಿಯಿತು. ಕೇಶವಣ್ಣ 1359ರಲ್ಲಿ ಕರ್ಮಶಾಸ್ತ್ರದ ಗ್ರಂಥವಾದ ಗೊಮ್ಮಟಸಾರಕ್ಕೆ ಕನ್ನಡ ವೃತ್ತಿ ಬರೆದ. ಸಂಸ್ಕೃತದ ಜೀವತತ್ತ್ವಪ್ರದೀಪಿಕೆ ಅದನ್ನೇ ಆಧರಿಸಿದ್ದೆಂದು ತೋರಿಸಿದವರು ಉಪಾಧ್ಯೆ. ಜೈಪುರದ ಟೋಡರಮಲ್ಲ ತನ್ನ ಟೀಕೆಗೆ ನೆಚ್ಚಿಕೊಂಡದ್ದು ಆ ಸಂಸ್ಕೃತ ಪಾಠವನ್ನು. ಉತ್ತರದ ಜೈನರು ಕಲಿತ ಕರ್ಮಗಣಿತದ ಹಿಂದೆ ಹೀಗೊಂದು ಕನ್ನಡ ಪುಸ್ತಕವಿದೆ.

ಉಪಾಧ್ಯೆ ತೀರಿಕೊಂಡದ್ದು 1975ರಲ್ಲಿ. ಅವರೂ ಕೈಲಾಶ್‌ಚಂದ್ರ ಶಾಸ್ತ್ರಿಯವರೂ ಸಿದ್ಧಪಡಿಸಿದ ಕೇಶವಣ್ಣನ ವೃತ್ತಿಯನ್ನು ಆ ಬಳಿಕ ಭಾರತೀಯ ಜ್ಞಾನಪೀಠ ಹಿಂದಿ ಅನುವಾದದೊಂದಿಗೆ ಹೊರತಂದಿತು. ಪಂಪನ ಆದಿಪುರಾಣದ ಭವಾವಳಿಯನ್ನು ಪಾಠ ಹೇಳುವ ಕನ್ನಡ ಅಧ್ಯಾಪಕರು ಈ ವೃತ್ತಿಯ ಕರ್ಮಕಾಂಡದ ಭಾಗವನ್ನು ಒಮ್ಮೆಯಾದರೂ ತೆರೆದು ನೋಡಲಿ.