ಕಾರಿನ ಮುಂದಿನ ಗಾಜು ಒಡೆದರೆ ಖರ್ಚು ಎಷ್ಟು? ಬಿಲ್ ಏರೋದು ಎಲ್ಲಿ?

ಶಿವಮೊಗ್ಗ: ಭದ್ರಾವತಿ ರಸ್ತೆಯಲ್ಲಿ ಟಿಪ್ಪರ್‌ನಿಂದ ಒಂದು ಜಲ್ಲಿ ಸಿಡಿದರೂ ಸಾಕು, ಕಾರಿನ ಮುಂದಿನ ಗಾಜು ಬಿರುಕು ಬಿಡುತ್ತೆ. ಬದಲಿಸೋಕೆ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಂದು ರೇಟು, ಷೋರೂಂನಲ್ಲಿ ಇನ್ನೊಂದು. ಯಾಕೆ?

ಗಾಜು: ಮುಂದಿನದು ಲ್ಯಾಮಿನೇಟೆಡ್, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ. ಕಂಪನಿ ಗಾಜಿಗೆ ರೇಟು ಜಾಸ್ತಿ, ಹೊರಗಿನದಕ್ಕೆ ಕಮ್ಮಿ. ಯಾವುದಾದರೂ ಐಎಸ್‌ಐ ಮಾರ್ಕ್ ನೋಡಿ.

ಕ್ಯಾಮೆರಾ: ಹೊಸ ಕಾರುಗಳಲ್ಲಿ ಗಾಜಿನ ಹಿಂದೆ ಎಡಾಸ್ ಕ್ಯಾಮೆರಾ ಇದ್ದರೆ ಅದನ್ನು ಮತ್ತೆ ಸೆಟ್ ಮಾಡಿಸಬೇಕು. ಆ ಚಾರ್ಜ್ ಸೇರಿದೆಯಾ ಅಂತ ಮೊದಲೇ ಕೇಳಿ.

ಕೂರಿಸುವ ಕೆಲಸ: ಹಳೇ ಓಮ್ನಿಗೆ ರಬ್ಬರ್ ಬೀಡಿಂಗ್ ಸಾಕು, ಈಗಿನ ಕಾರಿಗೆ ಅಂಟು ಬೇಕು. ಅಂಟು ಹಿಡಿಯೋ ಮೊದಲು ಗಾಡಿ ತೆಗೆದರೆ ಮಳೆಗಾಲದಲ್ಲಿ ಸೋರುತ್ತೆ.

ಇನ್ಶೂರೆನ್ಸ್: ಬರೀ ಥರ್ಡ್ ಪಾರ್ಟಿ ಇದ್ದರೆ ಪೂರ್ತಿ ಖರ್ಚು ನಿಮ್ಮದೇ. ಫುಲ್ ಇನ್ಶೂರೆನ್ಸ್‌ನಲ್ಲಿ ಗಾಜಿಗೆ ಸವಕಳಿ ಕಡಿತ ಇಲ್ಲ. ಆದರೆ 1500 ಸಿಸಿವರೆಗಿನ ಖಾಸಗಿ ಕಾರಿಗೆ ಮೊದಲ 1000 ರೂ. ನೀವೇ ಕೊಡಬೇಕು. ಬೋನಸ್ ಉಳಿಸುವ ಆಡ್‌-ಆನ್ ಇಲ್ಲದಿದ್ದರೆ ಕ್ಲೇಮ್ ಮಾಡಿದ ಮೇಲೆ ಶೇ 20ರಿಂದ 50ರವರೆಗಿನ ನೋ ಕ್ಲೇಮ್ ಬೋನಸ್ ಹೋಗುತ್ತೆ. ಬಿಲ್ ಎಷ್ಟು, ಬೋನಸ್ ಎಷ್ಟು ಅಂತ ಲೆಕ್ಕ ಹಾಕಿ ನಿರ್ಧರಿಸಿ. ಕ್ಲೇಮ್ ಮಾಡೋದಾದರೆ ಗಾಜು ಬಿಚ್ಚಿಸುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ.

ಡ್ರೈವರ್ ಕಣ್ಣಿನ ನೇರಕ್ಕಿಲ್ಲದ ಸಣ್ಣ ಚುಕ್ಕೆಯಾದರೆ ಬೇಗ ರೆಸಿನ್ ತುಂಬಿಸಿ, ಗಾಜು ಬದಲಿಸೋ ಖರ್ಚೇ ಉಳಿಯಬಹುದು.