ಅನಧ್ಯಾಯವೂ ಅಂತರ್ಜಾಲದ ಅಗುಳಿಯೂ

ಓದುವವನ ಮನಸ್ಸನ್ನು ಬೇರೆಡೆಗೆ ಸೆಳೆಯುವ ವಸ್ತುಗಳು ಲೋಕದಲ್ಲಿ ಎಂದೂ ಇದ್ದುವು. ಅವುಗಳನ್ನು ದೂರವಿಡುವ ಉಪಾಯಗಳೂ ಅಂದಿನಿಂದಲೇ ಇದ್ದುವು. ಈಗ ಗಣಕಯಂತ್ರದ ಬ್ರೌಸರಿನಲ್ಲಿ ಬೇಡವಾದ ಜಾಲತಾಣಗಳನ್ನು ಮುಚ್ಚಿಡುವ ಉಪಕರಣಗಳು ಬಳಕೆಗೆ ಬಂದಿವೆ. ಇವು ತೀರ ಹೊಸವೆಂದು ತರುಣರು ಎಣಿಸುವರು. ಇವುಗಳಿಂದ ಆಗುವುದೇನೂ ಇಲ್ಲವೆಂದು ಹಿರಿಯರಲ್ಲಿ ಕೆಲವರು ಎಣಿಸುವರು. ಎರಡು ಎಣಿಕೆಗಳೂ ಪೂರ್ತಿ ಸರಿಯಲ್ಲವೆಂಬುದನ್ನು ಈ ವಿಷಯದ ಚರಿತ್ರೆಯಿಂದಲೇ ತೋರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ನಮ್ಮ ಪ್ರಾಚೀನ ಪಾಠಕ್ರಮದಲ್ಲಿ 'ಅನಧ್ಯಾಯ'ವೆಂಬ ನಿಯಮವೊಂದಿತ್ತು. ಪಾಠಶಾಲೆಗಳಲ್ಲಿ ಕಲಿತವರಿಗೆ ಇದು ಸುವಿದಿತ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಂದು ವೇದಪಾಠವಿಲ್ಲ. ಪಾಣಿನಿಯು ತೀರಿಕೊಂಡ ತಿಥಿಯೆಂಬ ನಂಬಿಕೆಯಿಂದ ತ್ರಯೋದಶಿಯಂದು ವ್ಯಾಕರಣಪಾಠವಿಲ್ಲ. ಇವು ನಿಯತವಾದ ಅನಧ್ಯಾಯಗಳು. ಇವಲ್ಲದೆ ಆಕಸ್ಮಿಕವಾದ ಅನಧ್ಯಾಯಗಳೂ ಇದ್ದುವು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಇವುಗಳ ದೀರ್ಘವಾದ ಪಟ್ಟಿಯಿದೆ. ಗುಡುಗು ಮಿಂಚುಗಳ ಮಳೆ, ಧೂಳಿನ ಗಾಳಿ, ನರಿಯ ಊಳು, ನಾಯಿ ಕತ್ತೆಗಳ ಕೂಗು, ಅಳುವಿನ ಧ್ವನಿ, ಜನಸಂದಣಿ ಇವು ಒದಗಿದಾಗ ಪಾಠವನ್ನು ನಿಲ್ಲಿಸತಕ್ಕದ್ದು. ಗುರುಶಿಷ್ಯರ ನಡುವೆ ಕಪ್ಪೆಯೋ ಬೆಕ್ಕೋ ಇಲಿಯೋ ಹಾದುಹೋದರೂ ಆ ದಿನದ ಅಧ್ಯಯನ ಅಲ್ಲಿಗೇ ಮುಗಿಯಿತು! ಇವುಗಳಲ್ಲಿ ಕೆಲವಕ್ಕೆ ಶುಭಾಶುಭಗಳ ಭಾವನೆ ಕಾರಣವಾಗಿರಬಹುದು. ಆದರೆ ಕಿವಿಯಿಂದಲೇ ಕಲಿತು ಬಾಯಿಯಿಂದಲೇ ಕಲಿಸಬೇಕಾಗಿದ್ದ ವಿದ್ಯೆಗೆ ಒಂದು ಸ್ವರ ತಪ್ಪಿದರೂ ಹಾನಿಯಾದುದರಿಂದ, ಚಿತ್ತ ಚದರಿದಾಗ ಓದಬಾರದೆಂಬ ವಿವೇಕವೂ ಇದರಲ್ಲಿ ಸ್ಪಷ್ಟವಾಗಿಯೇ ಇದೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದಾಗಿ, ಅಂದಿನವರು ನರಿಯ ಬಾಯನ್ನು ಮುಚ್ಚಿಸಲಾರರಾದುದರಿಂದ ತಮ್ಮ ಪಾಠವನ್ನೇ ನಿಲ್ಲಿಸಿದರು. ಎರಡನೆಯದಾಗಿ, ಈ ನಿಯಮವು ಶಿಷ್ಯನಿಗೆ ಮಾತ್ರವಲ್ಲದೆ ಗುರುವಿಗೂ ಅನ್ವಯಿಸುತ್ತಿತ್ತು. ಆ ಅಧ್ಯಯನದ ಅಧಿಕಾರವು ಕೆಲವರಿಗಷ್ಟೇ ಇದ್ದಿತೆಂಬುದು ನಿಜ. ವಿದ್ಯೆಯು ಸರ್ವರ ಸೊತ್ತಾಗಿರುವ ಈ ಕಾಲದಲ್ಲಿ ಅದರೊಳಗಿನ ವಿವೇಕವನ್ನೂ ಸರ್ವರೂ ಬಳಸಿಕೊಳ್ಳಬಹುದು.

ಇನ್ನು ನಮ್ಮ ಊರಿನ ಚರಿತ್ರೆಗೆ ಬರೋಣ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಮುದ್ರಣಾಲಯವು ೧೮೪೧ರಲ್ಲಿ ಪ್ರಾರಂಭವಾಯಿತು. ೧೮೪೩ನೆಯ ಇಸವಿಯ ಜುಲೈ ೧ರಂದು ಹರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲ ವೃತ್ತಪತ್ರಿಕೆ ಇದೇ. ಅದು ಪಕ್ಷಕ್ಕೊಮ್ಮೆ ಬರುತ್ತಿತ್ತು. ಒಂದು ಸಂಚಿಕೆಯನ್ನು ಓದಿ ಮುಗಿಸಿದವನು ಮುಂದಿನದಕ್ಕೆ ಸುಮಾರು ಹದಿನೈದು ದಿನ ಕಾಯಬೇಕು. ಮರುವರ್ಷ ಆ ಪತ್ರಿಕೆಯು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಸುದ್ದಿಯ ಆಸೆ ಅಂದೂ ಇದ್ದಿತು. ಆದರೆ ಸಂಚಿಕೆ ಸಂಚಿಕೆಗಳ ನಡುವಣ ಅಂತರವೇ ಅದಕ್ಕೆ ಅಗುಳಿಯಾಗಿದ್ದಿತು. ಬೇರೆ ಅಗುಳಿಯನ್ನು ಯಾರೂ ಮಾಡಿಸಬೇಕಾಗಿರಲಿಲ್ಲ.

ಆ ಅಂತರವು ಅಳಿದುಹೋದ ಬಗೆಯನ್ನು ಈಗ ನೋಡಬಹುದು. ೧೯೯೦ರ ಕೊನೆಯಲ್ಲಿ ಟಿಮ್ ಬರ್ನರ್ಸ್‌ಲೀ ಎಂಬವರು ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಮೊದಲನೆಯ ಬ್ರೌಸರನ್ನು ರಚಿಸಿದರು. ೧೯೯೩ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಬಂದ 'ಮೊಸಾಯಿಕ್' ಎಂಬ ಬ್ರೌಸರು ಅದನ್ನು ಜನಸಾಮಾನ್ಯರ ಕೈಗೆ ತಂದಿತು. ಭಾರತದಲ್ಲಿ ೧೯೯೫ನೆಯ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲವನ್ನು ಒದಗಿಸಿತು. ಆ ದಿನಗಳಲ್ಲಿ ದೂರವಾಣಿಯ ತಂತಿಯಲ್ಲಿಯೇ ಜಾಲವು ಬರಬೇಕು. ಜಾಲವು ನಡೆಯುತ್ತಿರುವಾಗ ಮನೆಗೆ ಕರೆ ಬಾರದು. ಗಳಿಗೆ ಗಳಿಗೆಗೂ ಹಣವೇರುವುದು. ಆದುದರಿಂದ ಆಗಲೂ ಒಂದು ಅಗುಳಿ ಉಳಿದಿದ್ದಿತೆನ್ನಬೇಕು.

ಆದರೆ ಜಾಲತಾಣಗಳ ಒಡೆಯರಿಗೆ ಓದುವವನು ನಿಂತಷ್ಟೂ ಲಾಭ. ೧೯೯೪ನೆಯ ಅಕ್ಟೋಬರ್ ೨೭ರಂದು 'ಹಾಟ್‌ವೈರ್ಡ್' ಎಂಬ ತಾಣದಲ್ಲಿ ಪಟ್ಟಿಯ ಆಕಾರದ ಜಾಹೀರಾತುಗಳು ಮೊದಲಿಗೆ ಕಾಣಿಸಿಕೊಂಡುವು. ೨೦೦೬ರಲ್ಲಿ ಏಜ಼ಾ ರಾಸ್ಕಿನ್ ಎಂಬವರು ಪುಟಕ್ಕೆ ಕೊನೆಯೇ ಇಲ್ಲದಂತೆ ಕೆಳಕೆಳಗೆ ಉರುಳಿಸುವ ವಿಧಾನವನ್ನು ಕಲ್ಪಿಸಿದರು. ಮುಂದೆ ಅದಕ್ಕಾಗಿ ಅವರೇ ಪರಿತಪಿಸಿದರು. ಮಾಹಿತಿಯು ಹೆಚ್ಚಿದಷ್ಟೂ ಅವಧಾನಕ್ಕೆ ಬಡತನ ಬರುವುದೆಂದು ಅರ್ಥಶಾಸ್ತ್ರಜ್ಞರಾದ ಹರ್ಬರ್ಟ್ ಸೈಮನ್ನರು ೧೯೭೧ರಲ್ಲಿಯೇ ಎಚ್ಚರಿಸಿದ್ದರು. ಹದಿನೈದು ದಿನಗಳ ಅಂತರವು ಹೀಗೆ ಒಂದು ಬೆರಳಿನ ಚಲನೆಗೆ ಇಳಿಯಿತು.

ಆಗ ಬೇಲಿ ಹಾಕುವವರು ಹುಟ್ಟಿಕೊಂಡರು. ಈ ಬೇಲಿಗಳಲ್ಲಿ ಅತ್ಯಂತ ಹಳೆಯದು ಬ್ರೌಸರಿಗಿಂತಲೂ ಹಳೆಯದಾದ ಒಂದು ಕಡತ. ಅದರ ಹೆಸರು 'ಹೋಸ್ಟ್ಸ್'. ಅಂತರ್ಜಾಲಕ್ಕೆ ಮೂಲವಾದ ಆರ್ಪಾನೆಟ್ಟಿನಲ್ಲಿ ಯಾವ ಯಂತ್ರಕ್ಕೆ ಯಾವ ಅಂಕೆಯೆಂಬ ವಿಳಾಸಪಟ್ಟಿಯನ್ನು ಒಂದೇ ಕಡೆ ಇಟ್ಟು ಎಲ್ಲರೂ ಅದರ ಪ್ರತಿಯನ್ನು ತೆಗೆದುಕೊಳ್ಳುತ್ತಿದ್ದರು. ಪಟ್ಟಿಯು ಬೆಳೆದು ನಿರ್ವಹಿಸಲು ಕಷ್ಟವಾದುದರಿಂದ ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸರು ಹೆಸರುಗಳನ್ನು ಹಂಚಿಡುವ ಹೊಸ ವ್ಯವಸ್ಥೆಯನ್ನು ರೂಪಿಸಿದರು. ಆದರೂ ಹಳೆಯ ಕಡತವು ಇಂದಿಗೂ ಗಣಕಯಂತ್ರಗಳಲ್ಲಿ ಉಳಿದಿದೆ. ಯಂತ್ರವು ಸಾಮಾನ್ಯವಾಗಿ ಹೊರಗೆ ಕೇಳುವ ಮೊದಲು ಇದನ್ನೇ ನೋಡುವುದು. ಬೇಡವಾದ ತಾಣದ ಹೆಸರಿನ ಮುಂದೆ ೧೨೭.೦.೦.೧ ಎಂಬ ಅಂಕೆಯನ್ನು ಬರೆದರೆ, ಅದು ತನ್ನದೇ ವಿಳಾಸವಾದುದರಿಂದ, ಪರವೂರಿಗೆ ಹಾಕಿದ ಕಾಗದವು ಸ್ವಂತ ಮನೆಗೇ ಮರಳಿದಂತೆ ಆ ಕೋರಿಕೆಯು ಹಿಂದಕ್ಕೆ ಬರುವುದು.

ಅನಂತರ ಬ್ರೌಸರಿನೊಳಗೇ ಸೇರಿಸುವ ಉಪಕರಣಗಳು ಬಂದುವು. ಜಾಹೀರಾತುಗಳನ್ನು ತಡೆಯುವ 'ಆ್ಯಡ್‌ಬ್ಲಾಕ್' ೨೦೦೨ರಲ್ಲಿಯೂ, ಕಾಲವನ್ನು ಹೀರುವ ತಾಣಗಳನ್ನು ಮುಚ್ಚುವ 'ಲೀಚ್‌ಬ್ಲಾಕ್' ೨೦೦೭ರಲ್ಲಿಯೂ ಹುಟ್ಟಿದುವು. ಲೀಚ್ ಎಂದರೆ ಜಿಗಣೆ. ಮಳೆಗಾಲದಲ್ಲಿ ಘಟ್ಟದ ಕಾಡನ್ನು ಹೊಕ್ಕವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಯಾವ ತಾಣ, ಯಾವ ದಿನ, ಯಾವ ಹೊತ್ತಿನಿಂದ ಯಾವ ಹೊತ್ತಿನ ತನಕ, ಅಥವಾ ದಿನಕ್ಕೆ ಎಷ್ಟು ನಿಮಿಷ ಎಂಬುದನ್ನು ಬಳಸುವವನೇ ಗೊತ್ತುಪಡಿಸಬಹುದು. ೨೦೦೯ರ 'ಸೆಲ್ಫ್‌ಕಂಟ್ರೋಲ್' ಎಂಬುದು ಇನ್ನೂ ಕಠಿನ: ಒಮ್ಮೆ ಅವಧಿಯನ್ನು ಇಟ್ಟ ಮೇಲೆ ಯಂತ್ರವನ್ನು ಆರಿಸಿ ಹೊತ್ತಿಸಿದರೂ, ಆ ಉಪಕರಣವನ್ನೇ ಅಳಿಸಿದರೂ, ಅವಧಿ ತೀರುವ ತನಕ ತಾಣವು ತೆರೆಯದು. ಶಾಂತವಾದ ಹೊತ್ತಿನಲ್ಲಿ ಮಾಡಿದ ಸಂಕಲ್ಪವನ್ನು ಚಂಚಲವಾದ ಹೊತ್ತಿನ ತನ್ನಿಂದಲೇ ಕಾಪಾಡುವುದು ಇದರ ತಂತ್ರ.

ಹಾಗಾದರೆ ಜಾಲವನ್ನೇ ಪೂರ್ತಿಯಾಗಿ ಮುಚ್ಚಬಾರದೇಕೆ ಎಂದು ಕೆಲವರು ಕೇಳಬಹುದು. ಅದು ಈಗ ಸಾಧ್ಯವಿಲ್ಲ. ೨೦೨೦ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ ಮೇಲೆ ಪಾಠವೇ ಈ ಕಿಟಕಿಯಿಂದ ಬಂದಿತು. ೨೦೨೧ರ ಜೂನಿನ ಮಳೆಯಲ್ಲಿ, ನಮ್ಮ ಸುಳ್ಯ ತಾಲೂಕಿನಲ್ಲಿ, ಸಂಕೇತ ಸಿಕ್ಕುವ ದಾರಿಯಂಚಿನಲ್ಲಿ ಕುಳಿತು ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆಯು ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಇಷ್ಟು ಕಷ್ಟದಿಂದ ದೊರೆತ ಕಿಟಕಿಯಲ್ಲಿ ಗುರುವಿನ ಮುಖವೂ ನರಿಯ ಊಳೂ ಒಟ್ಟಿಗೆ ಬರುತ್ತಿರುವುವು. ಅನಧ್ಯಾಯದ ಕ್ರಮವು ಇಲ್ಲಿ ತಿರುಗುಮುರುಗಾಗಬೇಕು: ಪಾಠವು ಉಳಿಯಬೇಕು, ಊಳು ನಿಲ್ಲಬೇಕು.

ಆದರೆ ನಿಲ್ಲಿಸುವ ಕೈ ಯಾರದೆಂಬುದೇ ಮುಖ್ಯವಾದ ಪ್ರಶ್ನೆ. ಸರಕಾರದ ಕೈಯಲ್ಲಿಯೂ ಅಗುಳಿಯಿದೆ. ೨೦೧೯ನೆಯ ಡಿಸೆಂಬರ್ ೧೯ರ ಗೋಲಿಬಾರಿನ ಅನಂತರ ಮಂಗಳೂರಿನಲ್ಲಿ ಮೊಬೈಲಿನ ಅಂತರ್ಜಾಲವು ಸರಕಾರದ ಆಜ್ಞೆಯಂತೆ ಸುಮಾರು ಎರಡು ದಿನ ನಿಂತಿದ್ದಿತು. ಇಂತಹ ತಡೆಯಲ್ಲಿ ಸುಳ್ಳುಸುದ್ದಿಯೊಡನೆ ನಿಜಸುದ್ದಿಯೂ, ವ್ಯಾಪಾರಿಯ ಹಣಪಾವತಿಯೂ, ವಿದ್ಯಾರ್ಥಿಯ ಪಾಠವೂ ನಿಲ್ಲುವುವು. ಅದರ ನ್ಯಾಯಾನ್ಯಾಯಗಳ ವಿಚಾರವು ಬೇರೆ. ಅದು ಮನಸ್ಸಿನ ಶಿಕ್ಷಣವಲ್ಲವೆಂಬುದು ಮಾತ್ರ ನಿಶ್ಚಯ. ಇನ್ನು ತಂದೆತಾಯಂದಿರ ಅಗುಳಿ. ಮಗನ ಬ್ರೌಸರನ್ನು ಮುಚ್ಚಿ, ಅದೇ ಹೊತ್ತಿಗೆ ತಾವು ಮೊಬೈಲನ್ನು ಉರುಳಿಸುತ್ತ ಕುಳಿತರೆ, ಮಗನು ಕಲಿಯುವುದು ಸಂಯಮವನ್ನಲ್ಲ, ಬೇರೆ ಬಾಗಿಲನ್ನು ಹುಡುಕುವ ಜಾಣತನವನ್ನು. ಬ್ರೌಸರಿನಲ್ಲಿ ಮುಚ್ಚಿದ ತಾಣವು ಕೈಯ ಮೊಬೈಲಿನಲ್ಲಿ ತೆರೆದೇ ಇರುವುದಷ್ಟೆ!

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೊಂದು ನಮ್ಮ ನಾಡಿನ ಗಡಿಗೆ ಹೊಂದಿಕೊಂಡ ಸಾಂಗ್ಲಿ ಜಿಲ್ಲೆಯಲ್ಲಿದೆ. ಅಲ್ಲಿಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರು ೨೦೨೨ನೆಯ ಆಗಸ್ಟಿನಲ್ಲಿ ಗ್ರಾಮಸಭೆ ಸೇರಿ ಒಂದು ಕಟ್ಟಳೆ ಮಾಡಿಕೊಂಡರು. ಸಂಜೆ ಏಳಕ್ಕೆ ಭೋಂಗಾ ಕೂಗಿದೊಡನೆ ದೂರದರ್ಶನವೂ ಮೊಬೈಲುಗಳೂ ಆರಬೇಕು. ಎಂಟೂವರೆಗೆ ಮತ್ತೆ ಕೂಗುವ ತನಕ ಮಕ್ಕಳು ಓದಬೇಕು. ಇಲ್ಲಿ ಸ್ವಾರಸ್ಯವೇನೆಂದರೆ, ಓದು ಮಕ್ಕಳದಾದರೂ ಕಟ್ಟಳೆ ಹಿರಿಯರಿಗೂ ಸಮಾನ. ಇದು ಅನಧ್ಯಾಯದ ಹಳೆಯ ಮರ್ಮವೇ ಅಲ್ಲವೆ? ಮನೆಯ ಕಟ್ಟಳೆಯಿಂದ ಮೀರಿ ಬೆಳೆದ ಚಟಕ್ಕೆ ವೈದ್ಯರ ನೆರವೂ ಬೇಕಾಗಬಹುದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ೨೦೧೪ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಚಿಕಿತ್ಸಾವಿಭಾಗವನ್ನು ತೆರೆದಿರುವರು. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಮನುಸ್ಮೃತಿಯ ಆ ದೀರ್ಘವಾದ ಪಟ್ಟಿಯು ಮುಗಿಯುವ ಬಗೆಯು ಬಹು ಅರ್ಥವತ್ತಾಗಿದೆ. ನರಿ, ನಾಯಿ, ಕಪ್ಪೆ, ಬೆಕ್ಕು ಎಲ್ಲವನ್ನೂ ಎಣಿಸಿದ ಮೇಲೆ, ಪ್ರಯತ್ನಪೂರ್ವಕವಾಗಿ ನಿತ್ಯವೂ ವರ್ಜಿಸಬೇಕಾದ ಅನಧ್ಯಾಯಗಳು ಎರಡೇ ಎಂದು ಅಲ್ಲಿ ಹೇಳಿದೆ: ಓದುವ ಸ್ಥಳವು ಶುದ್ಧವಾಗಿಲ್ಲದಿರುವುದು, ಓದುವ ತಾನು ಶುದ್ಧನಾಗಿಲ್ಲದಿರುವುದು. ಇಂದಿನ ತಾಣಗಳ ಪಟ್ಟಿಗೂ ಕೊನೆಯಿಲ್ಲ; ಒಂದನ್ನು ಮುಚ್ಚಿದರೆ ಹತ್ತು ಹುಟ್ಟುವುವು. ಬ್ರೌಸರಿನ ಅಗುಳಿಯು ಸ್ಥಳವನ್ನು ಶುದ್ಧಗೊಳಿಸಬಲ್ಲುದು. ಆ ಉಪಕಾರವನ್ನು ಕಡೆಗಣಿಸಬೇಕಾಗಿಲ್ಲ. ಎರಡನೆಯದು ನಮ್ಮ ಪಾಲಿನ ಕೆಲಸ. ಮನೆಮಂದಿಯೆಲ್ಲ ಕಲೆತು ಆಲೋಚಿಸಿ, ಸಂಜೆ ದೀಪ ಹಚ್ಚಿದ ಮೇಲೆ ಒಂದು ತಾಸು ಎಲ್ಲರ ಕಿಟಕಿಗಳಿಗೂ ಅಗುಳಿ ಹಾಕುವುದೆಂದು ಗೊತ್ತುಮಾಡಿಕೊಳ್ಳಲಿ; ಮೊದಲನೆಯ ಅಗುಳಿಯನ್ನು ಮನೆಯ ಯಜಮಾನನೇ ತನ್ನ ಮೊಬೈಲಿಗೆ ಹಾಕಿಕೊಳ್ಳಲಿ.